ಬೆಂಗೇರಿ ಬಾವುಟದಿಂದ ನಮ್ಮ ರೊಟ್ಟಿ ವ್ಯಾಪಾರದವರೆಗೆ: ಪ್ರಕರಣ ಅಧ್ಯಯನ ಬರೆಯುವ ಬಗೆ

(ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಇವತ್ತಿನ ವಿಷಯ ‘ಪ್ರಕರಣ ಅಧ್ಯಯನ’. ಹೆಸರು ಕೇಳಿದ ಕೂಡಲೇ ‘ಇದು ಎಂ.ಬಿ.ಎ. ಓದೋ ಹುಡುಗರದು, ನಮಗ್ಯಾಕ್ರಿ’ ಅನ್ನಿಸಬಹುದು. ವ್ಯವಹಾರ ಕಲಿಸುವ ಕಾಲೇಜುಗಳಲ್ಲಿ ಇದನ್ನು ಕಲಿಸುತ್ತಾರೆ, ಖರೆ. ಆದರೆ ಒಂದು ವ್ಯಾಪಾರ ಹೆಂಗ ಬೆಳೀತು, ಎಲ್ಲಿ ಸಿಕ್ಕಿಬಿತ್ತು, ಮುಂದೇನು ಮಾಡಬೇಕು ಅಂತ ಕುಂತು ವಿಚಾರ ಮಾಡಿ ಬರೆಯೋದೇ ಪ್ರಕರಣ ಅಧ್ಯಯನ. ಬ್ಯಾಂಕಿನಿಂದ ಸಾಲ ಎತ್ತಿ ವ್ಯಾಪಾರಕ್ಕೆ ಇಳಿಯುವ ಸಂಘಕ್ಕೆ ಇದು ಹುಡುಗರಿಗಿಂತ ಹೆಚ್ಚು ಬೇಕು. ಅವರು ತಪ್ಪಿದರೆ ಮಾರ್ಕ್ಸ್ ಹೋಗುತ್ತವೆ, ನಾವು ತಪ್ಪಿದರೆ ಹತ್ತು ಹದಿನೈದು ಮನೆಯ ಉಳಿತಾಯ ಹೋಗುತ್ತದೆ.

ನಮ್ಮಲ್ಲಿ ಯಶೋಗಾಥೆ ಬರೆಯುವ ರೂಢಿ ಇದೆ. ‘ಕಷ್ಟದಲ್ಲಿದ್ದರು, ಸಂಘ ಸೇರಿದರು, ಸಾಲ ಪಡೆದರು, ಈಗ ಸುಖವಾಗಿದ್ದಾರೆ’. ಓದಲಿಕ್ಕೆ ಚಲೋ. ಆದರೆ ಅದನ್ನು ಓದಿದ ಇನ್ನೊಂದು ಸಂಘಕ್ಕೆ ನಾಳೆ ಏನು ಮಾಡಬೇಕು ಅನ್ನೋದು ತಿಳಿಯೋದಿಲ್ಲ. ಎರಡಕ್ಕೂ ಇರುವ ಅಂತರವನ್ನು ನಮ್ಮ ಊರಿನದೇ ಒಂದು ಉದಾಹರಣೆಯಿಂದ ನೋಡೋಣ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಶುರುವಾದದ್ದು 1957ರಲ್ಲಿ. ಅಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ ಅನ್ನೋದು ನಿಮಗೆಲ್ಲ ಗೊತ್ತು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಕಡೆ ಕೈಯಿಂದ ನೇಯ್ದ ಬಟ್ಟೆ ಇಲ್ಲಿಗೆ ಬರುತ್ತದೆ. ಬಣ್ಣ ಹಾಕುವುದು, 24 ಗೆರೆಯ ಚಕ್ರ ಅಚ್ಚು ಹಾಕುವುದು, ಹೊಲಿಯುವುದು, ಹಗ್ಗ ಕಟ್ಟುವುದು, ಎಲ್ಲಾ ಇಲ್ಲೇ. ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. 6 ಇಂಚು ಉದ್ದ 4 ಇಂಚು ಅಗಲದ ಮೇಜಿನ ಬಾವುಟದಿಂದ ಹಿಡಿದು 21 ಅಡಿ ಉದ್ದ 14 ಅಡಿ ಅಗಲದ ದೊಡ್ಡ ಬಾವುಟದ ತನಕ ಒಂಬತ್ತು ಅಳತೆ. ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲಕ್ಕೂ ಬಿಐಎಸ್ ಸಂಸ್ಥೆಯ ಕಟ್ಟುನಿಟ್ಟಿನ ಮಾನದಂಡವಿದೆ. ಈ ಪರವಾನಗಿ ಪಡೆದ ದೇಶದ ಒಂದೇ ಘಟಕ ಎಂದು ಬಹಳ ವರ್ಷ ಇದಕ್ಕೆ ಹೆಸರಿತ್ತು.

ಇಲ್ಲಿಗೆ ನಿಲ್ಲಿಸಿದರೆ ಅದು ಯಶೋಗಾಥೆ. ಮುಂದೆ ನೋಡ್ರಿ.

2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಜಾರಿಗೆ ಬಂತು. ಸಾಮಾನ್ಯ ಜನರೂ ವರ್ಷವಿಡೀ ಧ್ವಜ ಹಾರಿಸಬಹುದು ಅಂತಾಯಿತು. ಗಿರಾಕಿ ಹೆಚ್ಚಾದರು. ಧ್ವಜದ ಬಟ್ಟೆ ಕೈಯಿಂದ ನೂತು, ಕೈಯಿಂದ ನೇಯ್ದದ್ದೇ ಆಗಿರಬೇಕು ಅನ್ನುವ ನಿಯಮ ಮಾತ್ರ ಹಾಗೇ ಉಳಿಯಿತು. 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಆ ನಿಯಮವೂ ಸಡಿಲವಾಯಿತು, ಮಿಷನ್ನಿನ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ, 2022ರ ಆಗಸ್ಟ್‌ನಲ್ಲಿ ‘ಹರ್ ಘರ್ ತಿರಂಗಾ’. 20 ಕೋಟಿಗೂ ಹೆಚ್ಚು ಮನೆಗಳ ಮೇಲೆ ಧ್ವಜ ಹಾರಿಸುವ ಗುರಿ. ದೇಶದಲ್ಲಿ ಬಾವುಟಕ್ಕೆ ಅಷ್ಟು ಬೇಡಿಕೆ ಹಿಂದೆ ಕಂಡದ್ದಿಲ್ಲ. ಅದೇ ಹೊತ್ತಿಗೆ ಬೆಂಗೇರಿಯ ಸಂಘದವರು ತಮಗೆ ಆರ್ಡರ್ ಇಳಿದಿದೆ ಎಂದು ಹೇಳಿ ತಿದ್ದುಪಡಿಯನ್ನು ವಿರೋಧಿಸಿದರು.

ಬೇಡಿಕೆ ಏರಿತು, ಆದರೂ ಇವರ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಯಾಕ? ಪ್ರಕರಣ ಅಧ್ಯಯನ ಶುರುವಾಗೋದು ಈ ‘ಯಾಕ’ದಿಂದ. ಗುಣಮಟ್ಟ ಕೆಟ್ಟಿರಲಿಲ್ಲ. ಕೆಲಸಗಾರರು ಸೋಮಾರಿ ಆಗಿರಲಿಲ್ಲ. ಹೊರಗಿನ ಒಂದು ನಿಯಮ ಇವರ ಸರಕಿಗೆ ಬೇಲಿಯಾಗಿತ್ತು, ಆ ಬೇಲಿ ಒಂದೇ ದಿನದಲ್ಲಿ ಹೋಯಿತು. ಬೇಲಿ ತಮ್ಮ ಕೈಯಲ್ಲಿ ಇರಲಿಲ್ಲ ಅನ್ನೋದೇ ಈ ಪ್ರಕರಣದ ಗಂಟು. ಕಾರಣವನ್ನು ಹೀಗೆ ಒಂದೆರಡು ವಾಕ್ಯದಲ್ಲಿ ಬರೆಯಲಿಕ್ಕೆ ಆಗದಿದ್ದರೆ ನಮಗೆ ವಿಷಯ ಇನ್ನೂ ತಿಳಿದಿಲ್ಲ ಅಂತ ಅರ್ಥ. ಮತ್ತೊಮ್ಮೆ ಹೋಗಿ ಕೇಳಬೇಕು.

ಕಾರಣ ಸಿಕ್ಕ ಮೇಲೆ ದಾರಿಗಳನ್ನು ಬರೆಯಬೇಕು. ಒಂದೇ ದಾರಿ ಬರೆದರೆ ವಿಚಾರ ಮಾಡಿಲ್ಲ ಅಂತಲೇ ಲೆಕ್ಕ. ಬೆಂಗೇರಿಯವರು ಸರ್ಕಾರಕ್ಕೆ ಮನವಿ ಕೊಡಬಹುದು, ಕೊಡಬೇಕು ಕೂಡ. ಆದರೆ ತೀರ್ಮಾನ ಮತ್ತೆ ಬೇರೆಯವರ ಕೈಯಲ್ಲೇ. ದರ ಇಳಿಸಿ ಪಾಲಿಯೆಸ್ಟರ್ ಜೋಡಿ ಕುಸ್ತಿ ಹಿಡಿಯಬಹುದು. ಕೈಕೆಲಸಕ್ಕೆ ಆ ಕುಸ್ತಿ ಆಗಿಬರೋದಿಲ್ಲ, ದರ ಇಳಿದರೆ ಮೊದಲು ಇಳಿಯೋದು ಹೆಂಗಸರ ಕೂಲಿ. ಇನ್ನು, ಬಿಐಎಸ್ ಗುರುತೇ ಬೇಕು ಅನ್ನುವ ಕಚೇರಿ, ಸಂಸ್ಥೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಜೊತೆಗೆ ಖಾದಿಯ ಬೇರೆ ಸರಕು ಬೆಳೆಸಬಹುದು. ನಮಗೆ ಒಪ್ಪಿಗೆಯಾಗೋದು ಈ ಮೂರನೆಯದು. ನಿಮಗೆ ಬೇರೆ ಅನ್ನಿಸಿದರೆ ಹಾಗೇ ಬರೀರಿ, ಆದರೆ ಕಾರಣ ಕೊಡ್ರಿ. ಮೇಡಮ್ ಹೇಳಿದರು ಅನ್ನೋದು ಕಾರಣ ಅಲ್ಲ.

ಈಗ ನಮ್ಮ ಮನೆ ಕಡೆ ಬರೋಣ. ಒಂದು ಸಂಘ ಖಟಕ ರೊಟ್ಟಿ ಮಾಡಿ ಒಂದೇ ಖಾನಾವಳಿಗೆ ಕೊಡುತ್ತದೆ ಅಂತ ತಿಳೀರಿ. ದಿನಕ್ಕೆ 500 ರೊಟ್ಟಿ, ಹಣ ಬರೋಬ್ಬರಿ ಬರುತ್ತದೆ, ಎಲ್ಲರೂ ಖುಷಿ. ಖಾನಾವಳಿಯವರು ರೊಟ್ಟಿ ಮಿಷನ್ ತಂದರೆ? ಬೆಂಗೇರಿಯಂಥ ದೊಡ್ಡ ಸಂಸ್ಥೆಗೇ ಬಂದದ್ದು ನಮಗೆ ಬರೋದಿಲ್ಲ ಅಂತ ಹೇಳಲಿಕ್ಕೆ ಆಗೋದಿಲ್ಲ. ಒಂದೇ ಸಾಲಿಯ ಸಮವಸ್ತ್ರ ಹೊಲಿಯುವ ಸಂಘಕ್ಕೂ ಇದೇ ಪ್ರಶ್ನೆ.

ಬರೆಯುವಾಗ ನಮ್ಮವರು ಎಡವುವುದು ಲೆಕ್ಕದಲ್ಲಿ. ‘ಚಲೋ ಲಾಭ ಐತ್ರಿ’ ಅಂತ ಬರೆಯುತ್ತಾರೆ. ಎಷ್ಟು? ಜೋಳದ ರೊಕ್ಕ, ಬೀಸಿದ್ದು, ಕಟ್ಟಿಗೆ ಅಥವಾ ಗ್ಯಾಸು, ಟಂಟಂ ಬಾಡಿಗೆ, ಮುರಿದು ಉಳಿದ ರೊಟ್ಟಿ, ಸಾಲದ ಬಡ್ಡಿ, ಇವನ್ನೆಲ್ಲ ಕಳೀರಿ. ಆಮೇಲೆ ಬಡಿದವರ ಕೂಲಿಯನ್ನೂ ಕಳೀರಿ. ಮನ್ಯಾಗಿನ ಕೆಲಸ ಅಂತ ಬಿಡಬ್ಯಾಡ್ರಿ. ಕೂಲಿ ಕಳೆದ ಮೇಲೆ ಉಳಿದದ್ದು ಲಾಭ. ಏನೂ ಉಳಿಯದಿದ್ದರೆ ಅದನ್ನೂ ಮುಚ್ಚದೆ ಬರೀರಿ.

ಕೇಳಿದ ಮಾತು ಬೇರೆ, ಕಂಡದ್ದು ಬೇರೆ. ‘ಗಿರಾಕಿ ಕಡಿಮೆ ಆಗ್ಯಾರ’ ಅನ್ನೋದು ಒಬ್ಬರ ಮಾತು. ಮಾರಾಟದ ವಹಿಯಲ್ಲಿ ಯುಗಾದಿ ತಿಂಗಳು ಎಷ್ಟು, ಶ್ರಾವಣದಲ್ಲಿ ಎಷ್ಟು ಅಂತ ತೆಗೆದು ಬರೆದರೆ ಅದು ಆಧಾರ. ಭಾಷೆ, ಅಕ್ಷರದ ಚಿಂತೆ ಬೇಡ. ಬರೆಯಲು ಬಾರದವರು ಹೇಳಲಿ, ಮಗಳು ಬರೆಯಲಿ.

ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಪ್ರತಿ ಸಂಘದವರು ತಮ್ಮದೇ ವ್ಯಾಪಾರದ ಮೇಲೆ ಎರಡು ಪುಟ ಬರೆದುಕೊಂಡು ಬರ್ರಿ. ಖರೀದಿ ಚೀಟಿ, ಮಾರಾಟದ ವಹಿ ಜೋಡಿ ಇರಲಿ. ಒಂದು ಸಂಘದ್ದನ್ನು ಇನ್ನೊಂದು ಸಂಘದವರು ಓದಿ ಪ್ರಶ್ನೆ ಕೇಳುತ್ತಾರೆ. ಮೊದಲನೇ ಪ್ರಶ್ನೆ ಈಗಲೇ ಹೇಳಿಬಿಡ್ತೀವಿ: ನಿಮ್ಮ ದೊಡ್ಡ ಗಿರಾಕಿ ನಾಳೆ ಬ್ಯಾಡ ಅಂದರೆ ಸಾಲದ ಕಂತು ಎಷ್ಟು ತಿಂಗಳು ಕಟ್ಟಬಲ್ಲಿರಿ?