ಟೊಳ್ಳು ನೆಲದ ಲೆಕ್ಕ ಯಾರು ಕೊಡಬೇಕು?

(ಆಳಂದ, ಅಫಜಲಪುರ, ಜೇವರ್ಗಿಗಳ ಸಭೆಗಳಲ್ಲಿ ಮಾಡಿದ ಭಾಷಣ)



ನಮ್ಮ ಮೂರು ತಾಲೂಕುಗಳಲ್ಲಿ ಕಲ್ಲಿದ್ದಲು ಇಲ್ಲ. ಮೇಲೆ ಎರೆ ಹೊಲ, ಕೆಳಗೆ ಕರಿಗಲ್ಲು ಇಲ್ಲವೆ ಸುಣ್ಣಗಲ್ಲು, ಇಷ್ಟೇ. ಹೀಗಿರುವಾಗ ಮುಚ್ಚಿಹೋದ ಕಲ್ಲಿದ್ದಲು ಗಣಿಯ ಮೇಲಿನ ನೆಲದ ಮಾತು ಇಲ್ಲೇಕೆ ಎಂದು ನೀವು ಕೇಳಬಹುದು. ಕೇಳತಕ್ಕದ್ದೇ.

ಹಗೇವು ಎಂದರೇನೆಂದು ನಮ್ಮ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕುಣಿ. ಜೋಳ ತೆಗೆದು, ಮನೆತನ ಊರು ಬಿಟ್ಟು, ಬಾಯಿಗೆ ಮಣ್ಣು ಎಳೆದರೆ ಅದು ಮರೆತೇ ಹೋಗುತ್ತದೆ. ಮುಂದೊಂದು ಮಳೆಗಾಲದಲ್ಲಿ ಬಂಡಿ ಹಾದರೆ ಗಾಲಿ ಧಸಕ್ಕನೆ ಒಳಗಿಳಿಯುತ್ತದೆ. ಕಾಳು ಉಂಡವರು ಒಬ್ಬರು, ಎತ್ತಿನ ಕಾಲು ಮುರಿಸಿಕೊಂಡವರು ಇನ್ನೊಬ್ಬರು. ಗಣಿಯ ಕಥೆಯೂ ಇದೇ. ಆ ಹಗೇವು ಮಾತ್ರ ಮೈಲುಗಟ್ಟಲೆ ಉದ್ದ.

ಒಳಗಣಿಯಲ್ಲಿ ಕಲ್ಲಿದ್ದಲನ್ನು ಹೇಗೆ ತೆಗೆಯುತ್ತಾರೆ? ಮೊದಲು ಓಣಿ ಓಣಿಯಾಗಿ ಕೊರೆದು, ಮಧ್ಯೆ ಕಲ್ಲಿದ್ದಲಿನದೇ ಕಂಬಗಳನ್ನು ಬಿಡುತ್ತಾರೆ. ಕಡೆಗೆ ಬಹಳ ಕಡೆ ಆ ಕಂಬಗಳನ್ನೂ ತೆಗೆದು ಮೇಲಿನ ಬಂಡೆ ಕುಸಿಯಲು ಬಿಡುತ್ತಾರೆ. ಖಾಲಿ ಜಾಗಕ್ಕೆ ಮರಳು ತುಂಬಿದರೆ ಕುಸಿತ ಕಡಿಮೆ. ಆದರೆ ಮರಳಿಗೆ ಖರ್ಚಿದೆ. ಉಳಿಸಿದ ಕಂಬವೂ ಶಾಶ್ವತವಲ್ಲ; ನೀರಿನಲ್ಲಿ ನೆನೆದು, ಭಾರಕ್ಕೆ ನಲುಗಿ, ಹತ್ತಾರು ವರ್ಷ ಕಳೆದ ಮೇಲೂ ಒಡೆಯಬಹುದು. ಅಷ್ಟರಲ್ಲಿ ಅಗೆದವನು ಲಾಭ ಎಣಿಸಿಕೊಂಡು ಹೋಗಿರುತ್ತಾನೆ. ಮೇಲೆ ಮನೆ ಕಟ್ಟಿದವನು ಉಳಿದಿರುತ್ತಾನೆ.

ಇದು ದೂರದ ಮಾತಲ್ಲ. 1956ರವರೆಗೆ ನಾವೂ ಸಿಂಗರೇಣಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದೆವು. ನಮ್ಮ ಕಡೆ ಓಡಾಡಿದ ನಿಜಾಮರ ರೈಲಿಗೆ ಯೆಲ್ಲಂದು, ಕೊತ್ತಗೂಡೆಂಗಳ ಕಲ್ಲಿದ್ದಲೇ ಉರಿಯಿತು. ಇನ್ನು ಝರಿಯಾವನ್ನು ನೋಡಿರಿ. ಅಲ್ಲಿ ನೆಲದಡಿಯ ಬೆಂಕಿ 1916ರಿಂದ ಉರಿಯುತ್ತಿದೆ. 2017ರ ಮೇ ತಿಂಗಳಲ್ಲಿ ಇಂದಿರಾ ಚೌಕದಲ್ಲಿ ನೆಲ ಬಾಯಿಬಿಟ್ಟು ತಂದೆ-ಮಗನನ್ನು ನುಂಗಿತು. ಬೆಂಕಿ ಮತ್ತು ಕುಸಿತಕ್ಕೆ ಸಿಕ್ಕ 595 ಜಾಗಗಳಿಗೆಂದು ಕೇಂದ್ರ ಸರಕಾರ 2009ರಲ್ಲಿ 7,112 ಕೋಟಿ ರೂಪಾಯಿಯ ಯೋಜನೆ ಮಾಡಿತು. 2025ರಲ್ಲಿ ಅದನ್ನು ತಿದ್ದಿ 5,940 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹದಿನಾರು ವರ್ಷ ಕಳೆದರೂ ಜನರನ್ನು ಎಬ್ಬಿಸಿ ಬೇರೆಡೆ ನೆಲೆಗೊಳಿಸುವ ಕೆಲಸ ಮುಗಿದಿರಲಿಲ್ಲ.

ನಮ್ಮ ರಾಜ್ಯದಲ್ಲಿ ಕೋಲಾರದ ಚಿನ್ನದ ಗಣಿ ಇದೆ. ಮೂರು ಕಿಲೋಮೀಟರಿಗೂ ಆಳ ಹೋದ ಆ ಗಣಿಯಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೇ ನಡುಗುತ್ತಿದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಕೂಲಿ ನಿಂತಿತು. ಒಳಗೆ ನೀರು ತುಂಬುತ್ತ ಹೋಯಿತು, ಆದರೆ ನಡುಕ ನಿಲ್ಲಲಿಲ್ಲ. ಜೇವರ್ಗಿಯ ನೆರೆಯ ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ಸಿಕ್ಕು, ಅಲ್ಲಿ ಒಳಗಣಿ ತೆಗೆಯುವ ಪ್ರಸ್ತಾಪವೂ ಬಂದಿದೆ. ಊರವರು ಅದನ್ನು ವಿರೋಧಿಸಿದ್ದಾರೆ. ಆದ್ದರಿಂದ ಟೊಳ್ಳು ನೆಲವನ್ನು ಪರೀಕ್ಷಿಸುವ ವಿದ್ಯೆ ನಮಗೂ ಬೇಕು.

ಅದನ್ನು ಹೇಗೆ ಪರೀಕ್ಷಿಸುತ್ತಾರೆ?

ಮೊದಲನೆಯದು, ನಕ್ಷೆ. ಎಲ್ಲಿ ಅಗೆದಿದೆ, ಎಷ್ಟು ಆಳ, ಕಂಬ ಎಲ್ಲಿ ಉಳಿದಿದೆ ಎಂಬುದು ಗಣಿಯ ನಕ್ಷೆಯಲ್ಲಿರುತ್ತದೆ. ಗಣಿ ಮುಚ್ಚುವಾಗ ಮಾಲೀಕನು ಆ ನಕ್ಷೆಯನ್ನು ಸರಕಾರದ ಗಣಿ ಸುರಕ್ಷತಾ ಅಧಿಕಾರಿಗಳಿಗೆ ಒಪ್ಪಿಸಬೇಕೆಂದು 1957ರ ಕಲ್ಲಿದ್ದಲು ಗಣಿ ನಿಯಮಗಳಲ್ಲೂ ಇತ್ತು, 2017ರವುಗಳಲ್ಲೂ ಇದೆ. ಆದರೆ ನಕ್ಷೆ ಧನಬಾದಿನ ಕಚೇರಿಯ ಕಪಾಟಿನಲ್ಲಿದ್ದರೆ ಊರಿನ ಮನುಷ್ಯನಿಗೆ ಏನು ಬಂತು?

ಎರಡನೆಯದು, ಸುತ್ತಳತೆ. ಕುಸಿತ ನೆಟ್ಟಗೆ ಮೇಲಕ್ಕೆ ಬರುವುದಿಲ್ಲ. ಬುಟ್ಟಿಯ ಬಾಯಿಯಂತೆ ಅಗಲವಾಗುತ್ತ ಬರುತ್ತದೆ. ಗಣಿಯ ಅಂಚಿನಿಂದ ಆಚೆ ಇರುವ ಮನೆಗೂ ಧಕ್ಕೆ ತಟ್ಟುತ್ತದೆ. 'ನಿನ್ನ ಮನೆಯ ಕೆಳಗೆ ನಾವು ಅಗೆದೇ ಇಲ್ಲ' ಎಂಬ ಉತ್ತರದಿಂದ ಲೆಕ್ಕ ಮುಗಿಯುವುದಿಲ್ಲ.

ಮೂರನೆಯದು, ಬಿರುಕನ್ನು ಓದುವುದು. ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಕೂಡುತ್ತದೆ. ಅದು ಗಣಿಯ ತಪ್ಪಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುತ್ತ ಭೂಮಿ ನಡುಗಿ ಜನ ಹೊರಗೆ ಮಲಗಿದರು. ಅದೂ ಗಣಿಯ ಕುಸಿತವಲ್ಲ. ಆದರೆ ಮಳೆ ಬಂದರೂ ಕೂಡದ ಬಿರುಕು, ಒಂದು ಅಂಚು ಮೇಲೆ ಇನ್ನೊಂದು ಕೆಳಗಾದ ನೆಲ, ಒಂದೇ ಸಾಲಿನ ಹಲವು ಮನೆಗಳಲ್ಲಿ ಹಾದುಹೋಗುವ ಸೀಳು, ಇದ್ದಕ್ಕಿದ್ದಂತೆ ಮುಚ್ಚಲು ಬಾರದ ಬಾಗಿಲು, ಬತ್ತಿದ ಬಾವಿ, ಇವು ಒಟ್ಟಿಗೆ ಕಂಡರೆ ಕೆಳಗೆ ನೋಡಬೇಕು. ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಕೂಡಿಸಿ ತಾರೀಖು ಬರೆಯಿರಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಅದು ಬಡವನ ಸಾಕ್ಷಿ.

ನಾಲ್ಕನೆಯದು, ಎಚ್ಚರ. ಹಗೇವಿಗೆ ಇಳಿಯುವ ಮುನ್ನ ಕೆಟ್ಟ ಗಾಳಿ ಇದೆಯೇ ಎಂದು ದೀಪ ಇಳಿಸಿ ನೋಡುವ ರೂಢಿ ನಮ್ಮದು. ಕಲ್ಲಿದ್ದಲು ಗಣಿಯ ಕುಣಿಗೆ ಹಾಗೆ ಮಾಡಲೇಬಾರದು. ಅಲ್ಲಿ ಹತ್ತಿಕೊಳ್ಳುವ ಗಾಳಿ ಇರಬಹುದು, ವಾಸನೆಯೇ ಇಲ್ಲದ ವಿಷಗಾಳಿಯೂ ಇರಬಹುದು. ದೂರದಿಂದ ಹಗ್ಗ ಕಟ್ಟಿ, ಮಕ್ಕಳು ದನಗಳನ್ನು ತಡೆದು, ಅಧಿಕಾರಿಗೆ ಬರೆದು ತಿಳಿಸುವುದೇ ಸರಿ.

ಈಗ ಮುಖ್ಯ ಮಾತು. ಗೋಡೆ ಬಿರಿದ ಮೇಲೆ ಬಡವನು ಕಚೇರಿಗೆ ಹೋದರೆ ಮೊದಲ ಪ್ರಶ್ನೆ ಏನು? 'ಇದು ಗಣಿಯಿಂದಲೇ ಆಯಿತೆಂದು ನೀನು ರುಜುವಾತು ಮಾಡು.' ನಕ್ಷೆ ಅವರಲ್ಲಿ, ಅಳತೆಯ ಯಂತ್ರ ಅವರಲ್ಲಿ, ಇಂಜಿನಿಯರು ಅವರ ಸಂಬಳದವನು. ರುಜುವಾತು ಮಾತ್ರ ಬೇಳೆ ಗಿರಣಿಯ ಕೂಲಿಯವನು ತರಬೇಕು. ಇದು ನ್ಯಾಯವೇ?

ಬ್ರಿಟನ್ನಿನಲ್ಲಿ 1991ರ ಕಾಯ್ದೆ ಈ ಭಾರವನ್ನು ತಿರುಗಿಸಿತು. ಹಾನಿಯ ರೀತಿ ನೋಡಿದರೆ ಗಣಿಯಿಂದ ಆಗಿರಬಹುದೆಂದು ತೋರಿದರೆ ಸಾಕು. ಅಲ್ಲವೆಂದು ತೋರಿಸುವ ಹೊಣೆ ಗಣಿಯ ಸಂಸ್ಥೆಯ ಮೇಲೆ. ಅಲ್ಲಿ ಹಳೆಯ ಗಣಿಗಳ ಹೊಣೆ 1994ರಲ್ಲಿ ಒಂದು ಸಾರ್ವಜನಿಕ ಸಂಸ್ಥೆಗೆ ಬಂತು. ಹಳೆಯ ಗಣಿಯ ನಕ್ಷೆಯನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ಆ ಕಾಯ್ದೆ ಆಕಾಶದಿಂದ ಬೀಳಲಿಲ್ಲ; ಗೋಡೆ ಬಿರಿದ ಊರುಗಳ ಜನ ಬಹಳ ವರ್ಷ ಕೇಳಿ ಕೇಳಿ ಬಂತು.

ಇನ್ನೊಂದು ಮಾತು. ಬಾಡಿಗೆಯ ಮಳಿಗೆಯಲ್ಲಿ ಕಿರಾಣಿ ಇಟ್ಟವನಿಗೆ ಹಕ್ಕುಪತ್ರ ಇಲ್ಲ. ಸರಕಾರಿ ಜಾಗದಲ್ಲಿ ಗುಡಿಸಲು ಹಾಕಿದವನಿಗೂ ಇಲ್ಲ. ನೆಲ ಕುಸಿದರೆ ಅವರಿಬ್ಬರ ಜೀವನ ಹೋಗುವುದಿಲ್ಲವೇ? ಝರಿಯಾದಲ್ಲಿ ಹಕ್ಕುಪತ್ರ ಇದ್ದವರು, ಇಲ್ಲದವರು ಎಂಬ ಎರಡು ಪಟ್ಟಿ ಮಾಡಿಕೊಂಡೇ ವರ್ಷಗಳು ಕಳೆದವು. ತಕ್ಕಡಿಯನ್ನು ಎರಡು ಕಲ್ಲಿನಿಂದ ತೂಗಬಾರದು.

ಆದ್ದರಿಂದ ನಾವು ಕೇಳುವುದು ಮೂರೇ. ಎಲ್ಲಿಯೇ ಒಳಗಣಿ ತೆಗೆಯಲಿ, ಮೊದಲ ಗುದ್ದಲಿ ಬೀಳುವ ಮುನ್ನ ಸುತ್ತಲಿನ ಪ್ರತಿ ಮನೆಯ ಗೋಡೆ, ಪ್ರತಿ ಬಾವಿಯ ನೀರು ಅಳೆದು ಬರೆಯಬೇಕು. ಒಂದು ಪ್ರತಿ ಮನೆಯವನ ಕೈಯಲ್ಲಿರಬೇಕು. ಗಣಿಯ ನಕ್ಷೆ ಕನ್ನಡದ ವಿವರಣೆಯೊಡನೆ ಗ್ರಾಮ ಪಂಚಾಯಿತಿಯಲ್ಲಿ ತೂಗಬೇಕು. ಬಿರುಕು ಬಿದ್ದಾಗ ರುಜುವಾತಿನ ಭಾರ ಅಗೆದವನದಾಗಬೇಕು.

ಇದನ್ನು ಗೋಗಿಯವರೊಬ್ಬರೇ ಕೇಳಿದರೆ ಸಾಲದು, ಜೇವರ್ಗಿಯವರೂ ಕೇಳಬೇಕು. ಆಳಂದದ, ಅಫಜಲಪುರದ ಸಂಘಗಳೂ ಇದೇ ಠರಾವು ಮಾಡಿ ಕಳಿಸಬೇಕು. ಸಂಪತ್ತು ತೆಗೆದವನು ಟೊಳ್ಳಿನ ಲೆಕ್ಕವನ್ನೂ ಕೊಡಲಿ. ಕೇಳುವ ಬಾಯಿ ಒಂದಾದರೆ ಕಚೇರಿಯ ಕಪಾಟು ತೆರೆಯುತ್ತದೆ.