ಒಂದು ಬಕೆಟ್ ಬಿಸಿನೀರಿನ ಲೆಕ್ಕ



ಹುಳಿಮಾವಿನ ನಮ್ಮ ಮನೆಯಲ್ಲಿ ಈಚೆಗೆ ಒಂದು ಪೇಚಿನ ಪ್ರಸಂಗ ನಡೆಯಿತು. ಪೆಟ್ರೋಲಿನ ಖರ್ಚು ತಗ್ಗಲಿ, ಹೊಗೆಯೂ ಕಡಿಮೆಯಾಗಲಿ ಎಂದು ವಿದ್ಯುತ್ ಸ್ಕೂಟರೊಂದನ್ನು ಕೊಂಡೆವು. ನನ್ನ ಹೆಂಡತಿ ದಿನವೂ ಜಯನಗರಕ್ಕೆ ಹೋಗಿ ಬರುತ್ತಾಳೆ. ಎಲ್ಲ ಸೇರಿ ದಿನಕ್ಕೆ 20 ಕಿಲೋಮೀಟರು, ತಿಂಗಳಿಗೆ 500. ಹಳೆಯ ಸ್ಕೂಟರು ಲೀಟರಿಗೆ 45 ಕಿಲೋಮೀಟರು ಓಡುತ್ತಿತ್ತು. ಅಂದರೆ ತಿಂಗಳಿಗೆ 11 ಲೀಟರ್ ಪೆಟ್ರೋಲು, ಸುಮಾರು 1,100 ರೂಪಾಯಿ. ಅದು ಉಳಿಯಿತೆಂದು ಹಿಗ್ಗುತ್ತಿರುವಾಗಲೇ ಕರೆಂಟ್ ಬಿಲ್ಲು ಬಂತು: 1,800 ರೂಪಾಯಿಯ ಆಸುಪಾಸು! ಅದರ ಹಿಂದಿನ ತಿಂಗಳು ಬಂದಿದ್ದದ್ದು ಸೊನ್ನೆ ಬಿಲ್ಲು.

ತಪ್ಪು ನನ್ನದೇ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಿಯಮವನ್ನು ನಾನು ಸರಿಯಾಗಿ ಓದಿರಲಿಲ್ಲ. ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ ಉಚಿತ ಯೂನಿಟ್ಟುಗಳನ್ನು ಗೊತ್ತುಮಾಡುತ್ತಾರೆ. ಅದನ್ನು ಮೀರಿದರೆ ಹೆಚ್ಚಾದಷ್ಟಕ್ಕೆ ಹಣ ಕಟ್ಟಬೇಕು. ಆದರೆ ಒಟ್ಟು ಬಳಕೆ 200 ಯೂನಿಟ್ ದಾಟಿತೋ, ಇಡೀ ಬಿಲ್ಲನ್ನೇ ಕಟ್ಟಬೇಕು. ನಮ್ಮ ಮನೆಯ ಬಳಕೆ 190 ಯೂನಿಟ್ ಇತ್ತು. ಸ್ಕೂಟರು 18 ಸೇರಿಸಿತು. 208 ಆಯಿತು. ಎಂಟು ಯೂನಿಟ್ಟು ಜಾರಿದ್ದಕ್ಕೆ ಪೆಟ್ರೋಲಿನಲ್ಲಿ ಉಳಿದ ಹಣವೆಲ್ಲ ಹೋಗಿ, ಮೇಲೆ ಕೈಯಿಂದಲೂ ಬಿತ್ತು.

ಸ್ಕೂಟರನ್ನು ಶಪಿಸುವುದು ಸುಲಭ. ಆದರೆ ನಾನು ವಿಜ್ಞಾನ ಓದಿದವನು. ಉಳಿದ 190 ಯೂನಿಟ್ಟು ಎಲ್ಲಿ ಹೋಗುತ್ತಿದೆ ಎಂದು ಕಾಗದ, ಪೆನ್ಸಿಲ್ ಹಿಡಿದು ಕುಳಿತೆ. ಆಗ ಬಚ್ಚಲುಮನೆಯ ಕಡೆ ನೋಡಬೇಕಾಯಿತು.

ಒಂದು ಬಕೆಟ್, ಅಂದರೆ 15 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಒಂದು ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ವಿದ್ಯುತ್ತು ಬೇಕು. ಇದು ಭೌತಶಾಸ್ತ್ರದ ಲೆಕ್ಕ. ಮಾಮೂಲಿ ವಿದ್ಯುತ್ ಗೀಸರ್ ಯಾವ ಕಂಪನಿಯದಾದರೂ ಇದಕ್ಕಿಂತ ಕಡಿಮೆಯಾಗದು. ಅದೇ ವಿದ್ಯುತ್ತಿನಲ್ಲಿ ವಿದ್ಯುತ್ ಸ್ಕೂಟರು ಹತ್ತು ಕಿಲೋಮೀಟರು ಓಡುತ್ತದೆ. ಪೆಡಲ್ ತುಳಿಯುತ್ತ ಮೋಟಾರಿನ ನೆರವು ಪಡೆಯುವ ಇ-ಬೈಸಿಕಲ್ ಆದರೆ 25ರಿಂದ 30 ಕಿಲೋಮೀಟರು! ಹುಳಿಮಾವಿನಿಂದ ಜಯನಗರಕ್ಕೆ ಹೋಗಿ ಬಂದರೂ ಇನ್ನೂ ಮಿಕ್ಕುತ್ತದೆ.

ನಮ್ಮ ಮನೆಯಲ್ಲಿ ನಾಲ್ಕು ಜನ. ದಿನಕ್ಕೆ ನಾಲ್ಕು ಬಕೆಟ್ ಬಿಸಿನೀರು, ಒಂದೂವರೆ ಯೂನಿಟ್ಟು. ತಿಂಗಳಿಗೆ 45. ಅಂದರೆ ಸ್ಕೂಟರು ತಿನ್ನುವ ವಿದ್ಯುತ್ತಿನ ಎರಡೂವರೆ ಪಟ್ಟು.

ಇನ್ನು ಇಂಗಾಲದ ಲೆಕ್ಕ. ಒಂದು ಲೀಟರ್ ಪೆಟ್ರೋಲು ಉರಿದರೆ 2.3 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ದೇಶದ ವಿದ್ಯುತ್ ಜಾಲದಿಂದ ಬರುವ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಂ, ಏಕೆಂದರೆ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದೇ. ಹಳೆಯ ಸ್ಕೂಟರು ತಿಂಗಳಿಗೆ 25 ಕಿಲೋಗ್ರಾಂ ಉಗುಳುತ್ತಿತ್ತು. ಹೊಸದರ ಪಾಲು 12-13 ಕಿಲೋಗ್ರಾಂ. ಅರ್ಧ ಉಳಿಯಿತು, ಸರಿ. ಆದರೆ ಗೀಸರಿನ ಪಾಲು 31 ಕಿಲೋಗ್ರಾಂ! ಹೊಗೆ ಉಗುಳುವ ಸ್ಕೂಟರನ್ನು ಬೀದಿಯಲ್ಲಿ ಹುಡುಕುತ್ತಿದ್ದೆವು. ಅದಕ್ಕಿಂತ ದೊಡ್ಡದೊಂದು ಬಚ್ಚಲುಮನೆಯ ಗೋಡೆಗೆ ತೂಗಿಕೊಂಡಿತ್ತು.

ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ಹೆಸರನ್ನು ಹೊಗೆರಹಿತ ಒಲೆಯ ಮೂಲಕ ನೀವು ಕೇಳಿರಬಹುದು. ಅದರ ಸ್ಥಾಪಕರಾದ ಪ್ರೊ. ಅಮೂಲ್ಯ ರೆಡ್ಡಿಯವರ ವಿಚಾರ ಇಷ್ಟು: ಜನರಿಗೆ ಬೇಕಾದದ್ದು ವಿದ್ಯುತ್ತಲ್ಲ, ಬೆಳಕು, ಬಿಸಿನೀರು, ಬೆಂದ ಅನ್ನ. ಆದ್ದರಿಂದ ಯಾವ ಕೆಲಸಕ್ಕೆ ಯಾವ ಶಕ್ತಿ ತಕ್ಕದ್ದೆಂದು ಮೊದಲು ಕೇಳಬೇಕು. ನೀರು ಬೆಚ್ಚಗಾಗಲು ಬಿಸಿಲೇ ಸಾಕಾಗಿರುವಾಗ, ದೂರದಲ್ಲೆಲ್ಲೋ ಕಲ್ಲಿದ್ದಲು ಸುಟ್ಟು, ತಂತಿಯಲ್ಲಿ ಹರಿಸಿ ತರುವುದೇಕೆ?

ನಾವು ತಾರಸಿಯ ಮೇಲೆ ನೂರು ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಿದೆವು. ಬಳಕೆ 160 ಯೂನಿಟ್ಟಿನ ಹತ್ತಿರಕ್ಕೆ ಇಳಿಯಿತು. ಸ್ಕೂಟರು ಓಡುತ್ತಿದೆ, ಬಿಲ್ಲು ಮತ್ತೆ ಸೊನ್ನೆ. ಮೋಡ ಕವಿದ ಕೆಲವು ದಿನ ಗೀಸರ್ ಹಾಕಲೇಬೇಕಾಗುತ್ತದೆ, ಅದು ನಿಜ.

ಹಾಗಾದರೆ ವಿದ್ಯುತ್ತನ್ನೇ ತಯಾರಿಸುವ ಸೋಲಾರ್ ಫಲಕಗಳನ್ನು ಯಾರು ಹಾಕಿಸಬೇಕು? ತಿಂಗಳಿಗೆ 300, 400 ಯೂನಿಟ್ ಬಳಸಿ ಪೂರ್ತಿ ಬಿಲ್ಲು ಕಟ್ಟುವವರಿಗೆ ಅದು ಲಾಭದ ಮಾತು. ಮೂರು ಕಿಲೋವಾಟ್ ಫಲಕಗಳಿಗೆ ನೆರಳು ಬೀಳದ ಸುಮಾರು 300 ಚದರ ಅಡಿ ತಾರಸಿ ಬೇಕು. ದಿನಕ್ಕೆ ಸರಾಸರಿ 12 ಯೂನಿಟ್ಟು ಬರುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಹಾಯಧನವಿದೆ. ಉಳಿದ ಹಣ ಐದಾರು ವರ್ಷದಲ್ಲಿ ತೀರಬಹುದು. ಆದರೆ ಸೊನ್ನೆ ಬಿಲ್ಲಿನ ಮನೆಯವರು ಸಾಲ ಮಾಡಿ ಹಾಕಿಸಿದರೆ ಹಣದ ಲೆಕ್ಕದಲ್ಲಿ ಸಿಗುವುದು ಅಷ್ಟಕ್ಕಷ್ಟೆ. ಇನ್ನೊಂದು ಮಾತು: ಬೆಸ್ಕಾಂ ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನಿನ ಜೀವ ಉಳಿಯಲೆಂದೇ ಆ ವ್ಯವಸ್ಥೆ.

ಬಾಡಿಗೆ ಮನೆಯಲ್ಲಿರುವವರು, ತಾರಸಿಯ ಹಕ್ಕಿಲ್ಲದ ಫ್ಲಾಟಿನವರು ನಿರಾಶರಾಗಬೇಕಿಲ್ಲ. 250 ವಾಟ್ ಮೀರದ ಮೋಟಾರಿರುವ, ಗಂಟೆಗೆ 25 ಕಿಲೋಮೀಟರ್ ವೇಗ ಮೀರದ ಇ-ಬೈಸಿಕಲ್ಲಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಹಲವು ಮಾದರಿಗಳಲ್ಲಿ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೇ ಚಾರ್ಜ್ ಮಾಡಬಹುದು. ತಿಂಗಳಿಗೆ ಆರೇಳು ಯೂನಿಟ್ಟು ಸಾಕು. ಆದರೆ ಕಂಪನಿಯ ಚಾರ್ಜರನ್ನೇ ಬಳಸಿ. ಓಡಿಸಿ ಬಂದ ಬಿಸಿ ಬ್ಯಾಟರಿಯನ್ನು ತಣಿಯಲು ಬಿಟ್ಟು ಆಮೇಲೆ ಚಾರ್ಜಿಗೆ ಹಾಕಿ. ಮೆಟ್ಟಿಲ ಬಳಿ, ಬಾಗಿಲಿಗೆ ಅಡ್ಡವಾಗಿ ಎಂದೂ ಇಡಬೇಡಿ. ಬ್ಯಾಟರಿಗೂ ಆಯುಷ್ಯವಿದೆ, ಪೆಟ್ರೋಲಿನಲ್ಲಿ ಉಳಿದ ಹಣದ ಮೂರನೆಯ ಒಂದು ಪಾಲನ್ನು ಮುಂದಿನ ಬ್ಯಾಟರಿಗೆಂದು ತೆಗೆದಿಡುವುದು ಜಾಣತನ.

ಈ ಲೆಕ್ಕವನ್ನೆಲ್ಲ ಮನೆಯಲ್ಲಿ ಓದಿ ಹೇಳಿದಾಗ ನಮ್ಮ ಅಮ್ಮ ನಕ್ಕರು. "ಹಂಡೆ ಒಲೆ ಇದ್ದಾಗ ಎಷ್ಟು ಸೌದೆ ಉರೀತು ಅಂತ ಕಣ್ಣಿಗೆ ಕಾಣೋದು ಕಣಪ್ಪ. ಈಗ ಸ್ವಿಚ್ಚು ಒತ್ತಿದರೆ ಏನು ಉರಿಯುತ್ತೋ, ಎಲ್ಲಿ ಉರಿಯುತ್ತೋ ಯಾರಿಗೆ ಗೊತ್ತು?" ಎಂದರು.

ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ಹೊಸ ವಸ್ತು ಕೊಳ್ಳುವ ಮೊದಲು ನಿಮ್ಮ ಮನೆಯ ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಂದೆಡೆ ಹರಡಿಕೊಂಡು ಕುಳಿತುಕೊಳ್ಳಿ. ಯಾವ ಸ್ವಿಚ್ಚು ಎಷ್ಟು ಸೌದೆ ಉರಿಸುತ್ತಿದೆ ಎಂದು ಬರೆದಿಡಿ. ಬಚ್ಚಲುಮನೆಯಿಂದಲೇ ಆರಂಭಿಸಿ. ಅಂಗಡಿಗೆ ಆಮೇಲೆ ಹೋದರಾಯಿತು.