ಬೋರ್ಡಿಲ್ಲದೆ ಜಾಲದ ಅಭ್ಯಾಸ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿಯೂ ಡೊಂಬಿವಲಿಯ ಎಂಐಡಿಸಿಯಲ್ಲಿಯೂ ದುಡಿಯುವ ನಮ್ಮವರು ಕಾಣುವ ಎಷ್ಟೋ ಪಂಪು, ಮೀಟರು, ಲಿಫ್ಟುಗಳ ಒಡಲಲ್ಲಿ ಈಗ ಒಂದು ಪುಟ್ಟ ಗಣಕವಿರುತ್ತದೆ. ಒಂದೇ ಕೆಲಸಕ್ಕೆ ಮೀಸಲಾದ ಈ ಗಣಕ ಅನೇಕ ವೇಳೆ ಜಾಲದ ಮೂಲಕ ತನ್ನ ಲೆಕ್ಕವನ್ನೂ ಒಪ್ಪಿಸುತ್ತದೆ. ಇದಕ್ಕೆ ಪ್ರೋಗ್ರಾಂ ಬರೆಯುವ ವಿದ್ಯೆ ಕಲಿಯಲು ನಮ್ಮ ತರುಣರಿಗೆ ಆಸೆಯಿದೆ. ಆದರೆ ಬೋರ್ಡು ಕೊಳ್ಳಲು ಹಣ ಬೇಕು. ಕಾರ್ಖಾನೆಯ ಜಾಲದಲ್ಲಿ ಪ್ರಯೋಗ ಮಾಡುವುದಂತೂ ಕೂಡದು; ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದರೆ ನಡೆಯುವ ಕೆಲಸ ನಿಂತೀತು, ನೌಕರಿಗೂ ಸಂಚಕಾರ ಬಂದೀತು. ಮನೆಯ ಕಂಪ್ಯೂಟರಿನಲ್ಲಿಯೇ ಈ ಅಭ್ಯಾಸ ಮಾಡುವ ಬಗೆಯನ್ನು ತಮ್ಮ ಮುಂದಿಡುತ್ತೇನೆ.

2016ರಲ್ಲಿ ಲಿನಕ್ಸ್ ಫೌಂಡೇಶನ್ ‘ಜೆಫಿರ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಪುಟ್ಟ ಯಂತ್ರಗಳಿಗೆಂದೇ ಇರುವ ಇದು ಉಚಿತವಾಗಿ ಸಿಗುತ್ತದೆ. ಅದಕ್ಕೆ ಬರೆದ ಪ್ರೋಗ್ರಾಮನ್ನು ‘ನೇಟಿವ್ ಸಿಮ್’ ಎಂಬ ರೂಪದಲ್ಲಿ ಸಿದ್ಧಪಡಿಸಿದರೆ, ಅದು ಲಿನಕ್ಸ್ ಕಂಪ್ಯೂಟರಿನಲ್ಲಿ ಬೇರೆ ಯಾವುದೇ ಪ್ರೋಗ್ರಾಮಿನಂತೆ ಓಡುತ್ತದೆ. ಇಲ್ಲದ ಯಂತ್ರಕ್ಕೆ ತಂತಿ ಸಿಕ್ಕಿಸುವುದೆಲ್ಲಿ ಎಂದು ಕೇಳಬಹುದು. ಲಿನಕ್ಸಿನಲ್ಲಿ ಅದಕ್ಕೆ ‘ಟ್ಯಾಪ್’ ಎಂಬುದುಂಟು. ಅದೊಂದು ಕಾಲ್ಪನಿಕ ಈಥರ್ನೆಟ್ ಕಾರ್ಡು. ಅದರ ಒಂದು ತುದಿ ಲಿನಕ್ಸಿನ ಕೈಯಲ್ಲಿ, ಇನ್ನೊಂದು ನಮ್ಮ ಪ್ರೋಗ್ರಾಮಿನ ಕೈಯಲ್ಲಿ.

ಜೆಫಿರ್‌ನವರ ‘ನೆಟ್ ಟೂಲ್ಸ್’ ಕಟ್ಟಿನಲ್ಲಿರುವ ‘ನೆಟ್ ಸೆಟಪ್’ ಸ್ಕ್ರಿಪ್ಟನ್ನು ‘ಸುಡೊ’ ಅಧಿಕಾರದಿಂದ ನಡೆಸಿದರೆ ‘ಜೆತ್’ ಎಂಬ ಕಾರ್ಡು ಸಿದ್ಧವಾಗುತ್ತದೆ. ಈ ಅಧಿಕಾರ ಬೇಕಾದುದರಿಂದ ಕಚೇರಿಯ ಕಂಪ್ಯೂಟರಿನಲ್ಲಿ ಇದನ್ನು ಮಾಡಬೇಡಿರಿ. ರೂಢಿಯಂತೆ ಕಂಪ್ಯೂಟರಿನ ವಿಳಾಸ 192.0.2.2, ಅನುಕರಣದ ಯಂತ್ರದ್ದು 192.0.2.1. ಈ ವಿಳಾಸಗಳ ಸಾಲು ಪುಸ್ತಕದ ಉದಾಹರಣೆಗಳಿಗೆ ಮೀಸಲೆಂದು ಗೊತ್ತುಪಡಿಸಲಾಗಿದೆ. ಹೊರಗಿನ ಯಾರ ವಿಳಾಸಕ್ಕೂ ಇದು ಅಡ್ಡ ಬಾರದು. ಸ್ಕ್ರಿಪ್ಟಿನ ಕಿಟಕಿಯನ್ನು ತೆರೆದೇ ಇಟ್ಟು, ಎರಡನೆಯ ಕಿಟಕಿಯಲ್ಲಿ ಪ್ರೋಗ್ರಾಮನ್ನು ಓಡಿಸಿ, ಮೂರನೆಯದರಿಂದ 192.0.2.1ಕ್ಕೆ ‘ಪಿಂಗ್’ ಕಳುಹಿಸಿರಿ. ಉತ್ತರ ಬಾರದಿದ್ದರೆ ಮೊದಲು ಕಾರ್ಡು ಇದೆಯೇ, ಅನಂತರ ಪ್ರೋಗ್ರಾಮಿನೊಳಗಿನ ವಿಳಾಸ ಸರಿಯೇ ಎಂದು ನೋಡಿರಿ. ಉತ್ತರ ಬರುವ ತನಕ ಮುಂದಿನ ಹೆಜ್ಜೆ ಬೇಡ.

ಈಗ ಹೊರಜಗತ್ತಿನ ದಾರಿ. ಕಲ್ಯಾಣದಲ್ಲಿ ಕಸಾರಾ, ಕರ್ಜತ್ ಹಳಿಗಳು ಕೂಡಿದರೂ ಪಾಯಿಂಟು ಬದಲಿಸದೆ ಗಾಡಿ ಹಾದಿ ಬದಲಿಸದು. ಹಾಗೆಯೇ ಒಂದೇ ಕಂಪ್ಯೂಟರಿನಲ್ಲಿ ಎರಡು ಕಾರ್ಡುಗಳಿದ್ದರೂ, ‘ಐಪಿ ಫಾರ್ವರ್ಡಿಂಗ್’ ಎಂಬುದನ್ನು ತೆರೆಯದೆ ಸುದ್ದಿ ಅತ್ತಿಂದಿತ್ತ ದಾಟದು. ಜೊತೆಗೆ ಪ್ರೋಗ್ರಾಮಿನಲ್ಲಿ 192.0.2.2ನ್ನು ಹೆಬ್ಬಾಗಿಲೆಂದು ತೋರಿಸಬೇಕು. ಇಷ್ಟಾದರೂ ಉತ್ತರ ಮರಳದು, ಏಕೆಂದರೆ ಹೊರಗಿನವರಿಗೆ ನಮ್ಮ ಯಂತ್ರದ ವಿಳಾಸ ತಿಳಿಯದು. ಸ್ವಂತ ಖೋಲಿಯಿಲ್ಲದವನು ಪರಿಚಿತರ ಕೇರಾಫ್ ವಿಳಾಸಕ್ಕೆ ಊರಿನ ಕಾಗದ ತರಿಸಿಕೊಳ್ಳುವಂತೆ, ಕಂಪ್ಯೂಟರು ತನ್ನ ವಿಳಾಸ ಹಾಕಿ ಕಳುಹಿಸಿ, ಯಾರದೆಂದು ಗುರುತಿಟ್ಟು, ಉತ್ತರ ಬಂದಾಗ ಒಪ್ಪಿಸಬೇಕು. ಇದಕ್ಕೆ ‘ಮಾಸ್ಕರೇಡ್’ ಎನ್ನುತ್ತಾರೆ.

ಒಂದು ಎಚ್ಚರಿಕೆ. ಇಲ್ಲಿ ಪ್ರೋಗ್ರಾಂ ಓಡುವುದು ನಮ್ಮ ಕಂಪ್ಯೂಟರಿನ ದೊಡ್ಡ ಪ್ರೊಸೆಸರಿನ ಮೇಲೆ. ಪುಟ್ಟ ಯಂತ್ರದ ಮೆಮರಿಯ ಕೊರತೆ, ಅದರ ನಿಧಾನ ಇಲ್ಲಿ ಕಾಣಿಸವು. 2003ರಲ್ಲಿ ಫಾಬ್ರಿಸ್ ಬೆಲಾರ್ ಹೊರತಂದ ‘ಕ್ಯೂಎಮು’ ಪ್ರೊಸೆಸರನ್ನೂ ಅನುಕರಿಸುವುದರಿಂದ ನಿಜಕ್ಕೆ ಇನ್ನಷ್ಟು ಹತ್ತಿರ. ಆದರೂ ಕಡೆಯ ಪರೀಕ್ಷೆ ನಿಜವಾದ ಬೋರ್ಡಿನ ಮೇಲೆಯೇ ಆಗತಕ್ಕದ್ದು. ಅಲ್ಲಿಯವರೆಗಿನ ಕಲಿಕೆಗೆ ಮಾತ್ರ ಹಣದ ಅಡ್ಡಿಯಿಲ್ಲ. ನಾಲ್ಕು ಜನ ಸೇರಿ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡರೆ ಭಾನುವಾರದ ಬಿಡುವು ಸಾಕು.